ಈ ಕಾಲೇಜನ್ನು ಮುಚ್ಚೋರು ಯಾರು? ಅಮೆರಿಕದ ಉನ್ನತ ಶಿಕ್ಷಣವನ್ನು ಓದಿದ ನನ್ನ ಅನುಭವ

2023ರ ಆಗಸ್ಟ್ ಕೊನೆಯ ವಾರ. ಅಮೆರಿಕದ ಅಯೋವಾ ರಾಜ್ಯದ ಹೊಲಗಳಲ್ಲಿ ಮುಸುಕಿನ ಜೋಳ ಆಳೆತ್ತರ ದಾಟಿ ನಿಂತಿತ್ತು. ಸಂಜೆ ಆರಕ್ಕೆ ಮಾಸ್ಟರ್ಸ್‌ನ ಮೊದಲ ಕ್ಲಾಸ್. ವಿಷಯ ಅಮೆರಿಕದ ಉನ್ನತ ಶಿಕ್ಷಣ, ಅದರ ಚರಿತ್ರೆ, ಅದರ ಇವತ್ತಿನ ಸಮಸ್ಯೆಗಳು. ಮೇಜಿನ ಸುತ್ತ ಹದಿನಾಲ್ಕು ಜನ ಕೂತಿದ್ದೆವು. ಮೇಡಂ ಒಳಗೆ ಬಂದವರೇ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. ನಿಮಗೆ ಹತ್ತಿರ ಇರುವ ಒಂದು ಕಾಲೇಜಿನ ಹೆಸರು ಬರೆಯಿರಿ, ಅದನ್ನು ಮುಚ್ಚುವ ಅಧಿಕಾರ ಯಾರಿಗಿದೆ ಅಂತ ಬರೆಯಿರಿ ಎಂದರು.

ನಾನು ತುಮಕೂರು ಕಡೆಯವಳು. ಅಲ್ಲಿ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಏಳು ವರ್ಷ ವಾಣಿಜ್ಯ ವಿಭಾಗದ ಅತಿಥಿ ಉಪನ್ಯಾಸಕಿಯಾಗಿದ್ದೆ. ಅಲ್ಲಿನ ಲೆಕ್ಕ ನನಗೆ ಗೊತ್ತು. ಮೇಲೆ ಯುಜಿಸಿ, ಆಮೇಲೆ ರಾಜ್ಯ ಸರ್ಕಾರ, ಸಿಲಬಸ್‌ಗೂ ಪರೀಕ್ಷೆಗೂ ವಿಶ್ವವಿದ್ಯಾಲಯ. ಎಲ್ಲ ದಾರಿಯೂ ಕೊನೆಗೆ ಒಂದು ಸರ್ಕಾರಿ ಆದೇಶಕ್ಕೆ ಹೋಗಿ ಸೇರುತ್ತದೆ. ಅದೇ ಧೈರ್ಯದ ಮೇಲೆ ಚೀಟಿಯಲ್ಲಿ ಇಲ್ಲಿ ಅಯೋವಾದ ನಮ್ಮ ಮನೆಗೆ ಹತ್ತಿರದ ಕಮ್ಯುನಿಟಿ ಕಾಲೇಜಿನ ಹೆಸರು ಬರೆದು, ಮುಂದೆ "ವಾಷಿಂಗ್ಟನ್‌ನ ಶಿಕ್ಷಣ ಇಲಾಖೆ" ಅಂತ ಸೇರಿಸಿದೆ. ಅದು ತಪ್ಪು. ಆ ಸೆಮಿಸ್ಟರ್ ಪೂರ್ತಿ ನಾನು ಕಲಿತದ್ದು ಹೆಚ್ಚುಕಡಿಮೆ ಆ ತಪ್ಪನ್ನು ಬಿಡಿಸಿಕೊಳ್ಳುವುದನ್ನೇ.

ಈ ಬರಹ ಬರೆಯುವುದಕ್ಕೆ ಕಾರಣ ಇದೆ. ಅಮೆರಿಕದ ಕಾಲೇಜು ಅಂದರೆ ನಮ್ಮಲ್ಲಿ ತಕ್ಷಣ ಬಾಯಿಗೆ ಬರುವುದು ಹಾರ್ವರ್ಡ್, ಸ್ಟ್ಯಾನ್‌ಫರ್ಡ್, ಎಂಐಟಿ. ಹಾರ್ವರ್ಡ್‌ನ ಪದವಿ ಕಾಲೇಜಿಗೆ ಒಂದು ವರ್ಷಕ್ಕೆ ಸೇರುವವರು 2,000ಕ್ಕಿಂತ ಕಮ್ಮಿ. ಈ ದೇಶದಲ್ಲಿ ಪದವಿ ಕೊಡುವ ಸಂಸ್ಥೆಗಳು ಸುಮಾರು 4,000 ಇವೆ. ಓದುವವರು ಸುಮಾರು 1 ಕೋಟಿ 90 ಲಕ್ಷ. ತುದಿಯ ಐವತ್ತನ್ನು ಮಾತ್ರ ನೋಡಿದರೆ ಈ ವ್ಯವಸ್ಥೆ ಅರ್ಥವೇ ಆಗುವುದಿಲ್ಲ. ನನಗೆ ಅರ್ಥವಾಗಿದ್ದು ಪಕ್ಕದ ಒಂದು ಸಾಧಾರಣ ಕಾಲೇಜನ್ನು ಹಿಡಿದುಕೊಂಡು, ಅದರ ದುಡ್ಡಿನ ಹಿಂದೆ ನಡೆದುಕೊಂಡು ಹೋದಾಗ.

ಮೊದಲ ಮೂರು ವಾರ ಒದ್ದಾಡಿದೆ. ವಾರಕ್ಕೆ ನೂರೈವತ್ತು ಪುಟ ಓದಬೇಕಿತ್ತು. ನಾನು ನಮ್ಮ ಅಭ್ಯಾಸದಂತೆ ಎಲ್ಲವನ್ನೂ ಗೆರೆ ಎಳೆದು ಓದುತ್ತಿದ್ದೆ. 1636ರಲ್ಲಿ ಹಾರ್ವರ್ಡ್, 1693ರಲ್ಲಿ ವಿಲಿಯಂ ಅಂಡ್ ಮೇರಿ, 1701ರಲ್ಲಿ ಯೇಲ್, ಹೀಗೆ ಇಸವಿಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಕ್ಲಾಸಿನಲ್ಲಿ ಆ ಇಸವಿಗಳನ್ನು ಯಾರೂ ಕೇಳಲೇ ಇಲ್ಲ. ನಾಲ್ಕನೇ ವಾರ ಒಂದು ನೋಟ್‌ಬುಕ್ ತೆಗೆದುಕೊಂಡು ಪುಟದ ಮಧ್ಯೆ ಗೆರೆ ಹಾಕಿದೆ. ಎಡಗಡೆ "ದುಡ್ಡು ಯಾರದ್ದು", ಬಲಗಡೆ "ತೀರ್ಮಾನ ಯಾರದ್ದು". ಏನೇ ಓದಿದರೂ ಈ ಎರಡು ಕಾಲಂಗೆ ಸೇರುವುದನ್ನು ಮಾತ್ರ ಬರೆದುಕೊಳ್ಳಬೇಕು ಅಂತ ನಿಯಮ ಹಾಕಿಕೊಂಡೆ. ಅಲ್ಲಿಂದ ಓದು ಸಲೀಸಾಯಿತು.

ಒಂದು ಉದಾಹರಣೆ ಕೊಡುತ್ತೇನೆ. 1819ರ ಡಾರ್ಟ್‌ಮತ್ ಕಾಲೇಜಿನ ಮೊಕದ್ದಮೆ ಪಠ್ಯದಲ್ಲಿ ಬರುತ್ತದೆ. ನ್ಯೂ ಹ್ಯಾಂಪ್‌ಷೈರ್ ರಾಜ್ಯ ಆ ಕಾಲೇಜನ್ನು ತನ್ನ ಹಿಡಿತಕ್ಕೆ ತೆಗೆದುಕೊಳ್ಳಲು ನೋಡಿತು. ಕಾಲೇಜಿಗೆ ಕೊಟ್ಟಿರುವ ಚಾರ್ಟರ್, ಅಂದರೆ ಸ್ಥಾಪನೆಯ ಸನ್ನದು, ಒಂದು ಕರಾರು, ರಾಜ್ಯ ಅದನ್ನು ಮುರಿಯುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಮೊದಲ ಸಲ ಓದಿದಾಗ ಯಾವುದೋ ಹಳೇ ಜಗಳ ಅನ್ನಿಸಿತ್ತು. ಕಾಲಂಗೆ ಹಾಕಿದಾಗ ಹೊಳೆಯಿತು. ಇಲ್ಲಿ ಖಾಸಗಿ ಕಾಲೇಜಿನ ಯಜಮಾನಿಕೆ ಅದರ ಟ್ರಸ್ಟಿಗಳ ಕೈಯಲ್ಲಿ ಗಟ್ಟಿಯಾಗಿ ಕೂತಿದ್ದೇ ಆ ತೀರ್ಪಿನಿಂದ. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣ ಅನ್ನುವ ಪದವೇ ಇಲ್ಲ. ಅದು ರಾಜ್ಯಗಳ ಪಾಲಿಗೆ ಬಿಟ್ಟ ವಿಷಯ. ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಶಿಕ್ಷಣ ಇಲಾಖೆ ಪ್ರತ್ಯೇಕವಾಗಿ ಹುಟ್ಟಿದ ಕಾನೂನು 1979ರದ್ದು, ನನ್ನ ದೊಡ್ಡಣ್ಣನಿಗಿಂತ ಸ್ವಲ್ಪ ಮಾತ್ರ ಹಿರಿದು.

ಹಾಗಾದರೆ ಗುಣಮಟ್ಟ ನೋಡುವವರು ಯಾರು? ಅಕ್ರೆಡಿಟೇಷನ್, ಅಂದರೆ ಮಾನ್ಯತೆ ಕೊಡುವ ಸಂಸ್ಥೆಗಳು. ಅವು ಸರ್ಕಾರದ್ದಲ್ಲ, ಕಾಲೇಜುಗಳೇ ಸದಸ್ಯರಾಗಿರುವ ಸಂಘಗಳು. ಅಯೋವಾದ ಕಾಲೇಜುಗಳನ್ನು ನೋಡುವ ಹೈಯರ್ ಲರ್ನಿಂಗ್ ಕಮಿಷನ್ ಇರುವುದು ಶಿಕಾಗೋದಲ್ಲಿ. ಕಾಗದದ ಮೇಲೆ ಅಕ್ರೆಡಿಟೇಷನ್ ಸ್ವಂತ ಇಷ್ಟದ್ದು. ಆದರೆ ಅದಿಲ್ಲದೆ ವಿದ್ಯಾರ್ಥಿಗಳಿಗೆ ಫೆಡರಲ್ ನೆರವು, ಸಾಲ ಯಾವುದೂ ಸಿಗುವುದಿಲ್ಲ. ದುಡ್ಡಿನ ನಲ್ಲಿ ನಿಂತರೆ ಬಹಳಷ್ಟು ಕಾಲೇಜುಗಳ ಉಸಿರು ನಿಂತ ಹಾಗೆ. ಕಾಲೇಜುಗಳಿಗೆ ಗ್ರೇಡ್ ಕೊಡುವ ನಮ್ಮ ನ್ಯಾಕ್ ಜೊತೆ ಹೋಲಿಸಿ ನೋಡಿದಾಗ ಇದು ಇನ್ನೂ ಚೆನ್ನಾಗಿ ತಲೆಗೆ ಹೋಯಿತು. ನಮ್ಮಲ್ಲಿ ಗ್ರೇಡ್ ಕಮ್ಮಿ ಬಂದರೂ ಕಾಲೇಜು ನಡೆಯುತ್ತದೆ.

ಅಕ್ಟೋಬರ್‌ನಲ್ಲಿ ಒಂದು ಶನಿವಾರ ಗಂಡನನ್ನು ಕರೆದುಕೊಂಡು ಮೌಂಟ್ ಪ್ಲೆಸೆಂಟ್ ಅನ್ನುವ ಊರಿಗೆ ಹೋದೆ. ಅಯೋವಾ ವೆಸ್ಲಿಯನ್ ವಿಶ್ವವಿದ್ಯಾಲಯ ಇದ್ದ ಊರು ಅದು. 1842ರಲ್ಲಿ ಶುರುವಾಗಿ 2023ರ ಮೇ ತಿಂಗಳಲ್ಲಿ ಮುಚ್ಚಿತು. 181 ವರ್ಷ! ಅಮೆರಿಕದ ಮೊದಲ ಮಹಿಳಾ ವಕೀಲೆ ಅರಾಬೆಲಾ ಮ್ಯಾನ್ಸ್‌ಫೀಲ್ಡ್ ಓದಿದ್ದು ಅಲ್ಲೇ. ಭೂಮಿಯ ಸುತ್ತ ಇರುವ ವಿಕಿರಣ ಪಟ್ಟಿಗಳಿಗೆ ಹೆಸರು ಕೊಟ್ಟ ಭೌತವಿಜ್ಞಾನಿ ಜೇಮ್ಸ್ ವ್ಯಾನ್ ಅಲೆನ್ ಅದೇ ಊರಿನ ಹುಡುಗ, ಅದೇ ಕಾಲೇಜಿನ ಪದವೀಧರ. ಕಾಲೇಜಿನ ಮೇಲೆ ಫೆಡರಲ್ ಕೃಷಿ ಇಲಾಖೆಯಿಂದ ತೆಗೆದುಕೊಂಡ ದೊಡ್ಡ ಸಾಲ ಇತ್ತು. ರಾಜ್ಯದ ಗವರ್ನರ್ ಬಳಿ 1 ಕೋಟಿ 20 ಲಕ್ಷ ಡಾಲರ್ ನೆರವು ಕೇಳಿದರು, ಸಿಗಲಿಲ್ಲ. ಕೊನೆಗೆ ಮುಚ್ಚುವ ತೀರ್ಮಾನ ಮಾಡಿದ್ದು ಕಾಲೇಜಿನದೇ ಟ್ರಸ್ಟಿಗಳು. ಅಂದರೆ ನನ್ನ ಚೀಟಿಯ ಪ್ರಶ್ನೆಗೆ ಆ ಊರಿನಲ್ಲಿ ಉತ್ತರ ಅದು.

ಹುಲ್ಲನ್ನು ಯಾರೋ ಕತ್ತರಿಸಿದ್ದರು. ಹಳೇ ಇಟ್ಟಿಗೆ ಕಟ್ಟಡದ ಎದುರು ಒಂದು ಕಾರೂ ಇರಲಿಲ್ಲ. ಊಟಕ್ಕೆ ಹೋದ ಹೋಟೆಲಿನ ಹೆಂಗಸು, ಶನಿವಾರ ಇಷ್ಟು ಹೊತ್ತಿಗೆ ಇಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ ಎಂದಳು. ಕಾಲೇಜು ಮುಚ್ಚುವುದು ಅಂದರೆ ಬರೀ ಕ್ಲಾಸು ನಿಲ್ಲುವುದು ಅಂತ ಅಂದುಕೊಂಡಿದ್ದೆ. ಸಂತೆ ನಿಂತ ಊರಿನ ಹಾಗಿತ್ತು ಅದು. ಆ ದಿನದ ಬೇಸರ ಇನ್ನೂ ಹೋಗಿಲ್ಲ.

ಇಂಥವು ಇನ್ನೂ ಆಗುತ್ತವೆ. ಅಮೆರಿಕದಲ್ಲಿ 2007ರಲ್ಲಿ ಸುಮಾರು 43 ಲಕ್ಷ ಮಕ್ಕಳು ಹುಟ್ಟಿದರು. ಆಮೇಲೆ ಆರ್ಥಿಕ ಕುಸಿತ ಬಂತು, ಹುಟ್ಟುವವರ ಸಂಖ್ಯೆ ಇಳಿಯುತ್ತಾ ಹೋಯಿತು. 2007ಕ್ಕೆ ಹದಿನೆಂಟು ಸೇರಿಸಿ ನೋಡಿ, 2025. ಕಾಲೇಜಿಗೆ ಬರುವ ವಯಸ್ಸಿನ ಮಕ್ಕಳು ಅಲ್ಲಿಂದ ಮುಂದೆ ಕಮ್ಮಿ. ಇಲ್ಲಿನವರು ಇದನ್ನು ಜನಸಂಖ್ಯೆಯ ಪ್ರಪಾತ ಅನ್ನುತ್ತಾರೆ. ಅಯೋವಾ ಸೇರಿದ ಮಿಡ್‌ವೆಸ್ಟ್ ಪ್ರದೇಶದ ಸಣ್ಣ ಖಾಸಗಿ ಕಾಲೇಜುಗಳಿಗೆ ಇದು ತಲೆಯ ಮೇಲೆ ತೂಗುವ ಕತ್ತಿ.

ಈಗ ನನ್ನ ಮೊದಲ ಪೇಪರ್ ವಿಷಯ. 1862ರ ಮಾರಿಲ್ ಕಾಯ್ದೆಯ ಬಗ್ಗೆ ಬರೆದೆ. ಅಬ್ರಹಾಂ ಲಿಂಕನ್ ಸಹಿ ಹಾಕಿದ ಕಾನೂನು ಅದು. ಪ್ರತಿ ರಾಜ್ಯಕ್ಕೂ ಅದರ ಒಬ್ಬೊಬ್ಬ ಸೆನೆಟರ್‌ಗೆ, ಒಬ್ಬೊಬ್ಬ ಪ್ರತಿನಿಧಿಗೆ 30,000 ಎಕರೆ ಲೆಕ್ಕದಲ್ಲಿ ಜಮೀನು. ಅದನ್ನು ಮಾರಿ, ಬಂದ ಹಣದಿಂದ ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜು ನಡೆಸಬೇಕು. ಆ ಕಾಯ್ದೆಯನ್ನು ಮೊದಲು ಒಪ್ಪಿಕೊಂಡ ರಾಜ್ಯ ಅಯೋವಾ. ರೈತರ ಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆದ ಕಾನೂನು ಇದು ಅಂತ ಮನಸಾರೆ ಬರೆದೆ.

ಮನಸಾರೆ ಬರೆಯಲು ನನಗೆ ಕಾರಣವೂ ಇತ್ತು. ಅಪ್ಪ ರಾಗಿ ಬೆಳೆಯುವವರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಇರುವ ಜಿಕೆವಿಕೆಯ ಕೃಷಿ ಮೇಳಕ್ಕೆ ಬಸ್ಸು ಹತ್ತಿ ಹೋಗಿ ಬರುತ್ತಿದ್ದರು. ನಮ್ಮ ಹೊಲದಲ್ಲಿ ಇಂಡಾಫ್ ರಾಗಿ ಬೆಳೆದಿದ್ದೇವೆ. ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಕಟ್ಟಿ ಮಾಡಿದ ತಳಿ. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹುಟ್ಟಿದಾಗ ಅದಕ್ಕೆ ಮಾದರಿಯಾಗಿದ್ದು ಮಾರಿಲ್ ಕಾಯ್ದೆಯ ಜಮೀನಿನ ಹಣದಿಂದ ನಡೆದ ಇದೇ ಲ್ಯಾಂಡ್ ಗ್ರಾಂಟ್ ಕಾಲೇಜುಗಳು, ಕೈಹಿಡಿದಿದ್ದು ಟೆನೆಸ್ಸೀ ವಿಶ್ವವಿದ್ಯಾಲಯ. ಪಾಠ, ಸಂಶೋಧನೆ, ಹಳ್ಳಿಗೆ ಹೋಗಿ ರೈತರಿಗೆ ಹೇಳಿಕೊಡುವ ವಿಸ್ತರಣೆ, ಮೂರೂ ಒಂದೇ ಸೂರಿನಡಿ. ಲಿಂಕನ್ ಸಹಿಗೂ ಅಪ್ಪನ ರಾಗಿ ತೆನೆಗೂ ನಂಟು ಇದೆ ಅಂತ ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತುಮಕೂರಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಅವರ ಋಣ ಐತೆ ಅನ್ನು" ಎಂದರು.

ಪೇಪರ್ ವಾಪಸ್ ಬಂತು. ಅಂಚಿನಲ್ಲಿ ಮೇಡಂ ಪೆನ್ಸಿಲ್‌ನಲ್ಲಿ ಒಂದೇ ಪ್ರಶ್ನೆ ಬರೆದಿದ್ದರು. ಆ ಜಮೀನು ಯಾರದ್ದಾಗಿತ್ತು?

ಮತ್ತೆ ಲೈಬ್ರರಿಗೆ ಹೋದೆ. ಪತ್ರಕರ್ತರು ದಾಖಲೆ ಕೆದಕಿ 2020ರಲ್ಲಿ ಲೆಕ್ಕ ಹಾಕಿ ಪ್ರಕಟಿಸಿದ್ದರು. ಸುಮಾರು 250 ಮೂಲನಿವಾಸಿ ಬುಡಕಟ್ಟುಗಳಿಂದ ಬಂದ ಸುಮಾರು 1 ಕೋಟಿ 7 ಲಕ್ಷ ಎಕರೆ. ಕೆಲವು ಕಡೆ ಒಪ್ಪಂದದ ಹೆಸರಿನಲ್ಲಿ, ಕೆಲವು ಕಡೆ ಅದೂ ಇಲ್ಲದೆ ಕಿತ್ತುಕೊಂಡದ್ದು. ಇನ್ನೊಂದು ವಿಷಯವನ್ನೂ ನಾನು ಬಿಟ್ಟಿದ್ದೆ. 1890ರ ಎರಡನೇ ಮಾರಿಲ್ ಕಾಯ್ದೆ, ಕಪ್ಪು ಜನರನ್ನು ಸೇರಿಸಿಕೊಳ್ಳಿ, ಇಲ್ಲವಾದರೆ ಅವರಿಗೆ ಬೇರೆ ಕಾಲೇಜು ಮಾಡಿ ಎಂದಿತು. ದಕ್ಷಿಣದ ರಾಜ್ಯಗಳು ಬೇರೆ ಮಾಡುವ ದಾರಿಯನ್ನೇ ಹಿಡಿದವು. ಪೇಪರನ್ನು ಪೂರ್ತಿ ತಿದ್ದಿ ಬರೆದೆ. ಬಾಗಿಲು ತೆರೆದದ್ದೂ ನಿಜ, ಬಾಗಿಲಿನ ಮರ ಬೇರೆಯವರ ತೋಟದ್ದು ಅನ್ನುವುದೂ ನಿಜ. ಎರಡನ್ನೂ ಒಂದೇ ಪುಟದಲ್ಲಿ ಇಟ್ಟು ಬರೆಯುವುದನ್ನು ನನಗೆ ಕಲಿಸಿದ್ದು ಆ ಪೆನ್ಸಿಲ್ ಪ್ರಶ್ನೆ. ಅಪ್ಪನಿಗೂ ಎರಡನೇ ಭಾಗ ಹೇಳಿದೆ. ಭೂಮಿ ಹೋದವರ ಸಂಕಟ ಅವರಿಗೆ ವಿವರಿಸಬೇಕಾಗಿರಲಿಲ್ಲ.

ಸೆಮಿಸ್ಟರ್‌ನ ದೊಡ್ಡ ಕೆಲಸ ಅಂದರೆ ಒಂದು ಸಂಸ್ಥೆಯ ಅಧ್ಯಯನ. ನಾನು ಅದೇ ಕಮ್ಯುನಿಟಿ ಕಾಲೇಜನ್ನು ಆರಿಸಿಕೊಂಡೆ. ಇವು ಎರಡು ವರ್ಷದ ಕಾಲೇಜುಗಳು. ಇಲಿನಾಯ್‌ನ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾದದ್ದು ಈಗಲೂ ನಡೆಯುತ್ತಿರುವ ಇಂಥ ಕಾಲೇಜುಗಳಲ್ಲಿ ಅತಿ ಹಳೆಯದು. ಅಯೋವಾದಲ್ಲಿ 15 ಇವೆ. ವೆಲ್ಡಿಂಗ್, ನರ್ಸಿಂಗ್ ಕಲಿಯುವವರು, ಎರಡು ವರ್ಷ ಇಲ್ಲಿ ಓದಿ ಆಮೇಲೆ ವಿಶ್ವವಿದ್ಯಾಲಯಕ್ಕೆ ಹೋಗುವವರು, ನಲವತ್ತು ದಾಟಿದ ಮೇಲೆ ಮತ್ತೆ ಪುಸ್ತಕ ಹಿಡಿದವರು, ಎಲ್ಲರೂ ಇಲ್ಲೇ.

ಹೇಗೆ ಮಾಡಿದೆ ಅಂತ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರು ಬೇಕಾದರೂ ಮಾಡಬಹುದು. ಐಪೆಡ್ಸ್ ಅಂತ ಫೆಡರಲ್ ಸರ್ಕಾರದ ಅಂಕಿಅಂಶದ ಕಣಜ ಇದೆ. ನೆರವು ಪಡೆಯುವ ಪ್ರತಿ ಕಾಲೇಜೂ ಅದಕ್ಕೆ ಲೆಕ್ಕ ಕೊಡಲೇಬೇಕು. ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು, ಎಷ್ಟು ಮೇಷ್ಟ್ರು, ಆದಾಯ ಎಲ್ಲಿಂದ, ಎಲ್ಲ ಪುಕ್ಕಟೆ ಸಿಗುತ್ತದೆ. ಕಾಲೇಜ್ ಸ್ಕೋರ್‌ಕಾರ್ಡ್ ಅನ್ನುವ ಸರ್ಕಾರಿ ತಾಣದಲ್ಲಿ ಓದು ಮುಗಿಸಿದವರ ಸಾಲ, ಸಂಪಾದನೆಯೂ ಸಿಗುತ್ತದೆ. ಆಮೇಲೆ ಕಾಲೇಜಿನ ಬಜೆಟ್ ಇಳಿಸಿಕೊಂಡೆ. ವಾಣಿಜ್ಯದ ಮೇಷ್ಟ್ರಾಗಿದ್ದದ್ದು ಇಲ್ಲಿ ಕೈಹಿಡಿಯಿತು. ಆದಾಯದ ಮೂರು ದೊಡ್ಡ ಕಾಲುಗಳು ಕಂಡವು: ರಾಜ್ಯದ ಅನುದಾನ, ವಿದ್ಯಾರ್ಥಿಗಳ ಶುಲ್ಕ, ಸುತ್ತಲಿನ ಮನೆ ಜಮೀನುಗಳ ಮೇಲಿನ ತೆರಿಗೆ. ಪ್ರತಿ ಸಾವಿರ ಡಾಲರ್ ಬೆಲೆಗೆ ಸುಮಾರು 20 ಸೆಂಟ್. ಅಂದರೆ ನಮ್ಮ ಮನೆಯ ತೆರಿಗೆಯಿಂದಲೂ ಒಂದು ಚೂರು ಆ ಕಾಲೇಜಿಗೆ ಹೋಗುತ್ತದೆ!

ಕಾಲೇಜಿನ ಟ್ರಸ್ಟಿಗಳನ್ನು ಆ ಪ್ರದೇಶದ ಜನ ಓಟು ಹಾಕಿ ಆರಿಸುತ್ತಾರೆ. ಅವರ ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ನಾನು ಮೂರು ಸಭೆಗೆ ಹೋದೆ. ಎರಡನೇ ಸಭೆಯಲ್ಲಿ ಒಬ್ಬ ರೈತ ಎದ್ದು, ಡೀಸೆಲ್ ಮೆಕ್ಯಾನಿಕ್ ಕೋರ್ಸ್‌ಗೆ ಸೀಟು ಯಾಕೆ ಕಮ್ಮಿ ಮಾಡಿದಿರಿ ಅಂತ ಕೇಳಿದ. ಟ್ರಸ್ಟಿಗಳು ಉತ್ತರ ಕೊಡಲೇಬೇಕಾಯಿತು. ನಮ್ಮ ಕಡೆ ಒಬ್ಬ ರೈತ ಸರ್ಕಾರಿ ಕಾಲೇಜಿನ ಸೀಟಿನ ಬಗ್ಗೆ ಹೀಗೆ ಎದುರಾ ಎದುರು ಕೇಳುವ ಒಂದು ಜಾಗವಾದರೂ ಇದೆಯಾ ಅಂತ ಯೋಚನೆ ಬಂತು.

ಶುಲ್ಕದ ವಿಷಯದಲ್ಲಿ ನನಗೆ ಜಾಸ್ತಿ ಗೊಂದಲ ಇತ್ತು. ಖಾಸಗಿ ಕಾಲೇಜಿನವರು ಶುಲ್ಕ ಅಷ್ಟು ಸಾವಿರ ಡಾಲರ್ ಅಂತ ಹಾಕಿರುತ್ತಾರೆ, ಆದರೆ ಅಷ್ಟನ್ನು ಕಟ್ಟುವವರು ತೀರಾ ಕಮ್ಮಿ. ಮೊದಲ ವರ್ಷದವರಿಗೆ ಈ ಕಾಲೇಜುಗಳು ಸರಾಸರಿ ಅರ್ಧಕ್ಕಿಂತ ಜಾಸ್ತಿ ಸೋಡಿ ಬಿಡುತ್ತಿವೆ. ಆಷಾಢ ಸೇಲ್‌ನಲ್ಲಿ ಸೀರೆಯ ಮೇಲೆ ಹಾಕಿರುವ ಬೆಲೆ ಮತ್ತು ನಾವು ಕೊಡುವ ಬೆಲೆ ಬೇರೆ ಬೇರೆ ಇರುತ್ತವಲ್ಲ, ಹಾಗೆ ಯೋಚಿಸಿದಾಗ ಸರಿಯಾಗಿ ಅರ್ಥವಾಯಿತು. ತೊಂದರೆ ಏನೆಂದರೆ ಬಡ ಮನೆಯ ಹುಡುಗಿ ಹಾಕಿರುವ ಬೆಲೆ ನೋಡಿಯೇ ಹೆದರಿ ಅರ್ಜಿ ಹಾಕುವುದಿಲ್ಲ. ತನಗೆ ನಿಜವಾಗಿ ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕುವ ಸಾಧನವನ್ನು ಪ್ರತಿ ಕಾಲೇಜೂ ತನ್ನ ತಾಣದಲ್ಲಿ ಇಡಬೇಕು ಅಂತ 2011ರಿಂದ ನಿಯಮ ಇದೆ. ಅದು ಎಲ್ಲೋ ಮೂಲೆಯಲ್ಲಿ ಇರುತ್ತದೆ. ಬಡ ಮಕ್ಕಳಿಗೆ ಪೆಲ್ ಗ್ರಾಂಟ್ ಇದೆ. 1972ರಲ್ಲಿ ಶುರುವಾದದ್ದು, ಆಮೇಲೆ ರೋಡ್ ಐಲೆಂಡ್‌ನ ಸೆನೆಟರ್ ಕ್ಲೇಬೋರ್ನ್ ಪೆಲ್ ಹೆಸರು ಬಂತು. ನಾನು ಓದಿದ ವರ್ಷ ಅದರ ಗರಿಷ್ಠ ಮೊತ್ತ 7,395 ಡಾಲರ್. ಕಮ್ಯುನಿಟಿ ಕಾಲೇಜಿನ ಶುಲ್ಕಕ್ಕೆ ಸಾಕು, ಅದರಾಚೆಗೆ ಸಾಲ. ಫೆಡರಲ್ ವಿದ್ಯಾರ್ಥಿ ಸಾಲ ಈಗ 1.6 ಲಕ್ಷ ಕೋಟಿ ಡಾಲರ್ ದಾಟಿದೆ, ತೀರಿಸಬೇಕಾದವರು 4 ಕೋಟಿಗೂ ಮೇಲೆ.

ಅಧ್ಯಯನಕ್ಕೆ ಆರು ಜನರನ್ನು ಮಾತಾಡಿಸಿದೆ. ಅದರಲ್ಲಿ ಒಂದು ಮಾತುಕತೆ ನನ್ನನ್ನು ಅಲ್ಲಾಡಿಸಿಬಿಟ್ಟಿತು. ಅವರು ಬರವಣಿಗೆ ಕಲಿಸುವ ಮೇಷ್ಟ್ರು, ಐವತ್ತರ ಆಸುಪಾಸು. ಅಡ್ಜಂಕ್ಟ್, ಅಂದರೆ ಕೋರ್ಸಿಗೆ ಇಷ್ಟು ಅಂತ ದುಡ್ಡು. ಮೂರು ಕಾಲೇಜುಗಳಲ್ಲಿ ಪಾಠ ಮಾಡುತ್ತಿದ್ದರು. ಅವರಿಗೆ ಕೂರಲು ಕೋಣೆ ಇರಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ವಿದ್ಯಾರ್ಥಿಗಳ ಪ್ರಬಂಧಗಳು ಮೂರು ಡಬ್ಬಿಗಳಲ್ಲಿದ್ದವು, ಒಂದೊಂದು ಕಾಲೇಜಿಗೆ ಒಂದೊಂದು. ಪಾರ್ಕಿಂಗ್‌ನಲ್ಲೇ ಕಾರಿನೊಳಗೆ ಕೂತು ಮಾತಾಡಿದೆವು. ಮುಂದಿನ ಸೆಮಿಸ್ಟರ್ ಕೆಲಸ ಇದೆಯಾ ಅಂತ ಕೇಳಿದೆ. "ಕ್ಲಾಸು ತುಂಬಿದರೆ ಇದೆ" ಎಂದರು.

ಈ ಮಾತು ನನ್ನ ಬಾಯಿಂದಲೇ ಬಂದ ಹಾಗಿತ್ತು. ತುಮಕೂರು ಕಡೆಯ ಕಾಲೇಜಿನಲ್ಲಿ ನಾನೂ ಪ್ರತಿ ವರ್ಷ ವರ್ಕ್‌ಲೋಡ್ ಪಟ್ಟಿ ಬರುವುದನ್ನು ಕಾಯುತ್ತಿದ್ದೆ. ಸಿಗುತ್ತಿದ್ದುದಕ್ಕೆ ಸಂಬಳ ಅನ್ನುವ ಹೆಸರಿರಲಿಲ್ಲ, ಗೌರವಧನ. ರಜೆಯಲ್ಲಿ ಅದೂ ಇಲ್ಲ. ಒಂದು ಸಲ ಐದು ತಿಂಗಳ ಗೌರವಧನ ಬಾಕಿ ಇತ್ತು, ಮಗಳ ಶಾಲೆಗೆ ದುಡ್ಡು ಕಟ್ಟಲು ಅಕ್ಕನ ಬಳಿ ಕೈಚಾಚಿದೆ. ಅಮೆರಿಕದಲ್ಲಿ ಮೇಷ್ಟ್ರಿಗೆ ಭದ್ರತೆ ಇದೆ, ಟೆನ್ಯೂರ್, ಅಂದರೆ ಸುಲಭವಾಗಿ ತೆಗೆಯಲಾಗದ ಕಾಯಂ ಕೆಲಸ, ಇದೆ ಅಂತ ಕೇಳಿದ್ದೆ. 1940ರಲ್ಲಿ ಪ್ರಾಧ್ಯಾಪಕರ ಸಂಘ ಕಾಲೇಜುಗಳ ಸಂಘದ ಜೊತೆ ಸೇರಿ ಅದರ ತತ್ವಗಳನ್ನು ಬರೆಯಿತು. ಮನಸ್ಸಿಗೆ ಸರಿ ಕಂಡದ್ದನ್ನು ಹೆದರದೆ ಕಲಿಸಬೇಕಾದರೆ ಕೆಲಸ ಗಟ್ಟಿ ಇರಬೇಕು ಅನ್ನುವುದು ಅದರ ತಿರುಳು. ಆದರೆ ಈಗ ಪಾಠ ಮಾಡುವವರಲ್ಲಿ ಸುಮಾರು ಮೂರರಲ್ಲಿ ಇಬ್ಬರು ಟೆನ್ಯೂರ್ ದಾರಿಯ ಹೊರಗೆ. ಆ ಅಧ್ಯಾಯ ಓದುವಾಗ ನನ್ನ ಹಳೇ ಸಹೋದ್ಯೋಗಿಗಳ ಮುಖ ಒಂದೊಂದಾಗಿ ಕಣ್ಣ ಮುಂದೆ ಬಂತು.

ಕ್ಲಾಸಿನಲ್ಲಿ ಆ ವರ್ಷ ಜಾಸ್ತಿ ಚರ್ಚೆಯಾದದ್ದು 2023ರ ಜೂನ್ 29ರ ಸುಪ್ರೀಂ ಕೋರ್ಟ್ ತೀರ್ಪು. ಪ್ರವೇಶ ಕೊಡುವಾಗ ಜನಾಂಗವನ್ನು ಒಂದು ಅಂಶವಾಗಿ ನೋಡುವ ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಪದ್ಧತಿಯನ್ನು ಕೋರ್ಟು ತಳ್ಳಿಹಾಕಿತು. ಇಲ್ಲಿನ ಕನ್ನಡದವರ ಮನೆಗಳಲ್ಲೂ ಅದೇ ಮಾತು. ನಮ್ಮ ಮಕ್ಕಳಿಗೆ ಲಾಭ ಅಂತ ಕೆಲವರು, ಹಾಗಲ್ಲ ಅಂತ ಕೆಲವರು. ಮೀಸಲಾತಿಯ ಚರ್ಚೆ ನೋಡಿ ಬೆಳೆದವಳು ನಾನು, ಬಾಯಿ ಬಿಡುವ ಮೊದಲು ತುಂಬಾ ಯೋಚಿಸಿದೆ. ಕೊನೆಗೆ ಕ್ಲಾಸಿನಲ್ಲಿ ಹೇಳಿದ್ದು ಇಷ್ಟು. ಈ ದೇಶದ ಬಹುಪಾಲು ಕಾಲೇಜುಗಳು ಅರ್ಜಿ ಹಾಕಿದವರಲ್ಲಿ ಹೆಚ್ಚಿನವರನ್ನು ಸೇರಿಸಿಕೊಳ್ಳುತ್ತವೆ. ಅಲ್ಲಿ ಸೇರಿದ ಮಕ್ಕಳು ಮುಗಿಸಿ ಹೊರಗೆ ಬರುತ್ತಾರಾ ಅನ್ನುವುದರ ಬಗ್ಗೆ ಇದರ ಅರ್ಧದಷ್ಟಾದರೂ ಬಿಸಿಯಾಗಿ ನಾವು ಮಾತಾಡಬೇಕು.

ನಮ್ಮ ಊರಿನವರಿಗೆ ನೇರವಾಗಿ ತಟ್ಟುವ ಒಂದು ವಿಷಯ ಇದೆ. 2023-24ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತದ ವಿದ್ಯಾರ್ಥಿಗಳು 3,31,602. ಚೀನಾವನ್ನು ದಾಟಿತ್ತು. ಅರ್ಧಕ್ಕಿಂತ ಜಾಸ್ತಿ ಜನ ಮಾಸ್ಟರ್ಸ್, ಪಿಎಚ್‌ಡಿ ಓದಲು ಬಂದವರು. ಅವರಿಗೆ ಪೆಲ್ ಗ್ರಾಂಟ್ ಇಲ್ಲ, ಫೆಡರಲ್ ಸಾಲ ಇಲ್ಲ. ಸ್ಥಳೀಯ ಮಕ್ಕಳು ಕಮ್ಮಿಯಾಗುತ್ತಿರುವ ಹೊತ್ತಿನಲ್ಲಿ ಎಷ್ಟೋ ವಿಶ್ವವಿದ್ಯಾಲಯಗಳ ಬಜೆಟ್ಟಿಗೆ ಆಸರೆ ಇವರು ಕಟ್ಟುವ ಶುಲ್ಕ. ವಿದ್ಯಾರ್ಥಿಯನ್ನು ತಂದುಕೊಟ್ಟವರಿಗೆ ತಲೆಗೆ ಇಷ್ಟು ಅಂತ ಕಮಿಷನ್ ಕೊಡುವುದನ್ನು ಇಲ್ಲಿನ ಫೆಡರಲ್ ಕಾನೂನು ತಡೆಯುತ್ತದೆ. ಹೊರದೇಶದಲ್ಲಿರುವ, ಫೆಡರಲ್ ನೆರವಿಗೆ ಅರ್ಹರಲ್ಲದ ವಿದ್ಯಾರ್ಥಿಗಳ ವಿಷಯದಲ್ಲಿ ಮಾತ್ರ ವಿನಾಯಿತಿ. ಬೆಂಗಳೂರಿನ ಕನ್ಸಲ್ಟೆನ್ಸಿಯಲ್ಲಿ ಪುಕ್ಕಟೆ ಸಲಹೆ ಸಿಕ್ಕರೆ, ಈ ಸಲಹೆಯ ದುಡ್ಡು ಎಲ್ಲಿಂದ ಬರುತ್ತದೆ ಅಂತ ದಯವಿಟ್ಟು ಕೇಳಿ. ನನ್ನ ತಂಗಿಯ ಮಗನಿಗೂ ಇದನ್ನೇ ಹೇಳಿದೆ. ಅವನು ಕೇಳಿದ, ಆಮೇಲೆ ಐಪೆಡ್ಸ್‌ನಲ್ಲಿ ತಾನೇ ಹುಡುಕಿ ಪಟ್ಟಿಯಿಂದ ಎರಡು ಹೆಸರು ತೆಗೆದ.

ಕೋರ್ಸ್ ಮುಗಿದ ಮೇಲೂ ವಿಷಯ ನಿಲ್ಲಲಿಲ್ಲ. 2025ರ ಜುಲೈ 4ರಂದು ಸಹಿಯಾದ ಕಾನೂನು, ಮಾಸ್ಟರ್ಸ್ ಓದುವವರು ಇಡೀ ಖರ್ಚಿಗೆ ತೆಗೆದುಕೊಳ್ಳಬಹುದಾಗಿದ್ದ ಗ್ರಾಡ್ ಪ್ಲಸ್ ಸಾಲವನ್ನು 2026ರ ಜುಲೈ 1ರಿಂದ ಹೊಸಬರಿಗೆ ನಿಲ್ಲಿಸಿತು. ಮಾಸ್ಟರ್ಸ್‌ಗೆ ವರ್ಷಕ್ಕೆ 20,500 ಡಾಲರ್, ಒಟ್ಟು 1 ಲಕ್ಷ ಡಾಲರ್ ಮಿತಿ. ನನ್ನ ನೋಟ್‌ಬುಕ್ಕಿನ ಎಡಗಡೆ ಕಾಲಂನಲ್ಲಿ ಒಂದು ಸಾಲು ಹೊಡೆದು ಇನ್ನೊಂದು ಬರೆದೆ.

ವರ್ಕ್ ಪರ್ಮಿಟ್ ಬಂದ ಮೇಲೆ ಒಂದು ಕಮ್ಯುನಿಟಿ ಕಾಲೇಜಿನ ಸಲಹಾ ವಿಭಾಗದಲ್ಲಿ ಕೆಲಸಕ್ಕೆ ಸೇರಿದೆ. ಇಲ್ಲಿಂದ ವಿಶ್ವವಿದ್ಯಾಲಯಕ್ಕೆ ಹೋಗುವವರ ಕ್ರೆಡಿಟ್‌ಗಳನ್ನು, ಅಂದರೆ ಕೋರ್ಸ್ ಮುಗಿಸಿದ್ದಕ್ಕೆ ಸಿಕ್ಕ ಅಂಶಗಳನ್ನು, ನೋಡುವುದು ನನ್ನ ಕೆಲಸ. ಕಾಲೇಜು ಬದಲಿಸಿದ ವಿದ್ಯಾರ್ಥಿಗಳು ಸರಾಸರಿ 43 ಶೇಕಡಾ ಕ್ರೆಡಿಟ್ ಕಳೆದುಕೊಂಡಿದ್ದರು ಅಂತ ಫೆಡರಲ್ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ಅಂದಾಜು ಮಾಡಿತ್ತು. ಓದುವಾಗ ಅದು ಒಂದು ಅಂಕಿ. ಈಗ ಅದಕ್ಕೆ ಮುಖ ಇದೆ.

ಮೊನ್ನೆ ಬಂದ ಹುಡುಗಿ ಹಗಲು ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಾಳೆ, ರಾತ್ರಿ ಓದುತ್ತಾಳೆ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು. ಅವಳ 61 ಕ್ರೆಡಿಟ್‌ಗಳಲ್ಲಿ 17ನ್ನು ಹೋಗಬೇಕಾದ ವಿಶ್ವವಿದ್ಯಾಲಯ ಒಪ್ಪಿರಲಿಲ್ಲ. ಹೆಚ್ಚುಕಡಿಮೆ ಒಂದು ಸೆಮಿಸ್ಟರ್, ಅದರ ದುಡ್ಡು, ಅದರ ರಾತ್ರಿಗಳು. ಸಿಲಬಸ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಅಂಕಿಅಂಶ ಶಾಸ್ತ್ರದ ಕೋರ್ಸು ಎರಡೂ ಕಡೆ ಒಂದೇ, ಸಂಖ್ಯೆ ಮಾತ್ರ ಬೇರೆ. ಈ ಕ್ರೆಡಿಟ್ ಒಪ್ಪುವ ಅಧಿಕಾರ ಅಲ್ಲಿ ಯಾರದ್ದು ಅಂತ ವಿಚಾರಿಸಿದೆ. ವಿಭಾಗದ ಮುಖ್ಯಸ್ಥರದ್ದಂತೆ. ಅವರಿಗೆ ಪತ್ರ ಬರೆದೆವು, ಏಳು ಕ್ರೆಡಿಟ್ ವಾಪಸ್ ಬಂತು. ಇನ್ನು ಹತ್ತು ಉಳಿದಿವೆ. ಸೋಮವಾರ ಬೆಳಿಗ್ಗೆ ಮತ್ತೆ ಫೋನ್ ಮಾಡುತ್ತೇನೆ.